ನನ್ನ ನಿದ್ದೆ, ಅವರ ನಂಬರು

ಮೊನ್ನೆ ರಾಜರಾಜೇಶ್ವರಿನಗರದಲ್ಲಿ ನನ್ನ ತಮ್ಮನ ಮಗಳು ಅನುವಿನ ಸೀಮಂತ. ಅವಳಿರುವ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಊಟವಾದ ಮೇಲೆ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ತಂಬೋಲಾ ಆಡಿಸಲು ಹೊರಟರು. ಕೈಗೊಂದು ನಂಬರಿನ ಚೀಟಿ, ಒಂದು ಪೆನ್ನು. ಒಬ್ಬರು ಡಬ್ಬದಿಂದ ನಂಬರು ಎತ್ತಿ ಕೂಗಬೇಕು, ಮಿಕ್ಕವರು ತಮ್ಮ ಚೀಟಿಯಲ್ಲಿ ಹೊಡೆದು ಹಾಕಿಕೊಳ್ಳಬೇಕು. ಅಷ್ಟರಲ್ಲಿ ಒಬ್ಬಳಿಗೆ ಜ್ಞಾನದ ಹಸಿವಾಯಿತು, ತಂಬೋಲಾ ಅಂದರೆ ಏನರ್ಥ ಎಂದಳು. ಇನ್ನೊಬ್ಬಳು ಫೋನು ನೋಡಿ, ಅದು ಇಟಲಿಯ ಮಾತಂತೆ, ಉರುಳಿ ಬೀಳುವುದು ಅಂತ ಅರ್ಥವಂತೆ, ಡಬ್ಬದೊಳಗೆ ನಂಬರು ಉರುಳುತ್ತವಲ್ಲ ಅದಕ್ಕೇ ಆ ಹೆಸರು ಎಂದು ಓದಿ ಹೇಳಿದಳು. ಎಲ್ಲರೂ ‘ಸೋ ಸ್ವೀಟ್’ ಅಂದರು. ಯಾವುದೋ ದೇಶದ ಜೂಜಿನ ಹೆಸರು ಇವರ ಬಾಯಲ್ಲಿ ಮಗುವಿನ ತೊದಲು ಮಾತಿನಷ್ಟು ಮುದ್ದಾಗಿಬಿಟ್ಟಿತು. ನಾನು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂತವರನ್ನು ಬಿಡುವ ಕಾಲವಲ್ಲ ಇದು.

“ಅತ್ತೆ, ನೀವು ಮ್ಯಾಥ್ಸ್ ಟೀಚರ್ ಆಗಿದ್ರಲ್ವಾ, ನಂಬರ್ ನೀವೇ ಕೂಗಿ,” ಎಂದು ಅನು ಡಬ್ಬವನ್ನು ನನ್ನ ಮಡಿಲಲ್ಲಿಟ್ಟಳು.

“ನಾನು ಯಾರಿಗೂ ನಂಬರ್ ಹೇಳಲ್ಲ. ತಗೊಂಡು ಹೋಗೇ ಇದನ್ನ,” ಅಂದೆ.

ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಬಸುರಿ ಹುಡುಗಿಯ ಮುಖ ಸಪ್ಪಗಾಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಅಮ್ಮ ತೊಡೆ ಚಿವುಟಿದಳು. ಅರವತ್ತಕ್ಕೆ ಹತ್ತಿರ ಬಂದ ಮಗಳನ್ನು ಎಂಬತ್ತು ದಾಟಿದ ತಾಯಿ ಸಭೆಯಲ್ಲಿ ಚಿವುಟಿ ತಿದ್ದುವುದನ್ನು ಆ ಹೆಂಗಸರೆಲ್ಲ ನೋಡಿದರು. ನನಗೆ ನಾಚಿಕೆಯಾಗಲಿಲ್ಲ. ಸಿಟ್ಟು ಬಂದಿತ್ತು, ಈಗಲೂ ಇದೆ, ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿದ್ದ ಮಾತು ಮಟ್ಕಾ. ಅದರ ಅರ್ಥವೇನು, ಎಲ್ಲಿಂದ ಬಂತು ಎಂದು ಯಾರೂ ಸೀಮಂತದಲ್ಲಿ ಕೂತು ಹುಡುಕುವುದಿಲ್ಲ. ನನಗೆ ಅದು ಗೊತ್ತಾದದ್ದು ಹೊಸಹಳ್ಳಿಯ ವಠಾರದಲ್ಲಿ, ನಲ್ಲಿಯ ಮುಂದೆ. ಆರು ಮನೆಗೆ ಒಂದೇ ನಲ್ಲಿ. ನೀರು ಬಂದ ಕೂಡಲೇ ಕೊನೆಯ ಮನೆಯ ಶಮೀಮ್ ಆಂಟಿ ಮಗಳನ್ನು “ಮಟ್ಕಾ ಲೇಕೆ ಆ” ಎಂದು ಕೂಗುತ್ತಿದ್ದರು. ಏಳೆಂಟು ವರ್ಷದ ನನಗೆ ಜೀವ ಹಾರಿಹೋಗುತ್ತಿತ್ತು. ನಮ್ಮ ಮನೆಯಲ್ಲಿ ಬಾಗಿಲು ಮುಂದಕ್ಕೆ ಮಾಡಿ ಆಡುವ ಮಾತನ್ನು ಇವರು ಬೀದಿಗೆ ಕೇಳುವ ಹಾಗೆ ಕೂಗುತ್ತಾರಲ್ಲ, ಪೊಲೀಸರು ಬಂದರೆ ಏನು ಗತಿ ಎಂದು. ಆದರೆ ಆ ಹುಡುಗಿ ಹೊತ್ತು ತರುತ್ತಿದ್ದದ್ದು ಒಂದು ಮಣ್ಣಿನ ಮಡಕೆ. ಅವತ್ತು ಅಪ್ಪ ಕಾರ್ಖಾನೆಯಿಂದ ಬಂದ ಮೇಲೆ ಕೇಳಿದೆ. ಅಪ್ಪ ಲೇತ್ ಮೆಷಿನ್ನಿನ ಕೆಲಸಗಾರ, ಮಾತು ಕಡಿಮೆ, ಪಾಠ ಹೇಳಿಕೊಡು ಎಂದರೆ ಅಜ್ಜಿಯ ಕಡೆ ತೋರಿಸುವವನು. ಆ ಒಂದು ಪ್ರಶ್ನೆಗೆ ಮಾತ್ರ ಅಂಗಿ ಬಿಚ್ಚಿ ಮೊಳೆಗೆ ಹಾಕುವುದನ್ನೂ ಮರೆತು ಕೂತು ಉತ್ತರ ಹೇಳಿದ.

“ಮೊದ್ಲು ಬಾಂಬೇಲಿ ಹತ್ತಿ ರೇಟಿನ ಮೇಲೆ ಆಡೋರು ಕಣೇ. ಅಮೆರಿಕದಿಂದ ತಂತಿಲಿ ರೇಟು ಬರೋದು. ಮಾರ್ಕೆಟ್ಟು ತೆಗೆಯುವಾಗ ಬರೋದು ಓಪನ್, ಮುಚ್ಚುವಾಗ ಬರೋದು ಕ್ಲೋಸ್. ಆಮೇಲೆ ಆ ರೇಟು ಬರೋದು ನಿಂತೋಯ್ತು. ಜನ ಸುಮ್ನಿರ್ತಾರಾ? ಒಂದು ಮಡಕೆಗೆ ನಂಬರ್ ಚೀಟಿ ಹಾಕಿ ಎತ್ತೋಕೆ ಶುರು ಮಾಡಿದ್ರು. ಮಡಕೆ ಅಂದ್ರೆ ಅವರ ಭಾಷೇಲಿ ಮಟ್ಕಾ. ಈಗ ಮಡಕೆನೂ ಇಲ್ಲ, ಇಸ್ಪೀಟು ಎಲೆ ಎತ್ತುತಾರಂತೆ. ಹೆಸರು ಮಾತ್ರ ಅದೇ ಉಳ್ಕೊಂಡಿದೆ.”

ಅಪ್ಪ ನನಗೆ ಹೇಳಿಕೊಟ್ಟ ಒಂದೇ ಪಾಠ ಅದು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೇಳಿಕೊಟ್ಟ, ಅದಕ್ಕೂ ನನಗೆ ಸಿಟ್ಟಿದೆ. ಮುಂದೆ ನಾನು ಗಣಿತ ಕಲಿಸುವವಳಾದೆ. ಸಂಭವನೀಯತೆಯ ಪಾಠ ಬಂದಾಗ ‘ಒಂದು ಮಡಕೆಯಲ್ಲಿ ಹತ್ತು ಚೀಟಿಗಳಿವೆ’ ಎಂದು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ವರ್ಷವೂ ಸೀಮೆಸುಣ್ಣ ಮುರಿಯುತ್ತಿತ್ತು. ಹತ್ತು ಚೀಟಿ, ಹತ್ತು ಅಂಕಿ. ದಿನಕ್ಕೊಂದು ಅಂಕಿ ಹೇಳುತ್ತಾ ಹೋದರೆ ಹತ್ತು ದಿನಕ್ಕೊಮ್ಮೆ ಕತ್ತೆ ಹೇಳಿದ ನಂಬರೂ ಬೀಳುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುವ ಈ ಸಂಗತಿ ನಮ್ಮ ಮನೆಯ ಮೂವರು ದೊಡ್ಡವರ ತಲೆಗೆ ಹೋಗಲಿಲ್ಲ.

ಮನೆಯೆಂದರೆ ಎರಡು ಕೋಣೆ. ಮುಂದೆ ನಡುಮನೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ಅರ್ಧ ಗೋಡೆ ಎತ್ತಿ ಮಾಡಿದ ಬಚ್ಚಲು. ಕೆಂಪು ನೆಲದ ನಡುಮನೆಯಲ್ಲಿ ರಾತ್ರಿ ಐದು ಜನ ಮಲಗಬೇಕು. ಅಪ್ಪನಿಗೆ ಮಾತ್ರ ಕಿಟಕಿಯ ಪಕ್ಕ ಕಬ್ಬಿಣದ ಮಂಚ. ಕೆಳಗೆ ಅಜ್ಜಿ, ಅಜ್ಜಿಯ ಪಕ್ಕ ನಾನು, ನನ್ನ ಪಕ್ಕ ನನಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ ಮಂಜ, ಆ ಕೊನೆಗೆ ಅಮ್ಮ. ಊಟಕ್ಕೆ ಮುದ್ದೆ, ಉಪ್ಸಾರು, ಅಪ್ಪನ ತಟ್ಟೆಗೆ ಬಿದ್ದು ಮಿಕ್ಕರೆ ಪಲ್ಯ. ಅಪ್ಪನ ದಿಂಬಿನ ಕೆಳಗೆ ಕಂದು ರಟ್ಟಿನ ಒಂದು ಉದ್ದ ನೋಟ್‌ಬುಕ್ಕು. ಅದರಲ್ಲಿ ಯಾವ ಕನಸಿಗೆ ಯಾವ ಅಂಕಿ ಎಂದು ಬರೆದಿಟ್ಟಿದ್ದ: ಹಾವು, ಹಸು, ಬಾವಿ, ಮದುವೆ, ಹಲ್ಲು ಬಿದ್ದದ್ದು, ಅಳುವ ಮಗು. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರನ್ನೂ ಕೇಳುವುದು ಮನೆಯ ಪದ್ಧತಿ. ಅದಕ್ಕೊಂದು ಮಡಿಯೂ ಇತ್ತು. ಕನಸು ಹೇಳುವ ಮುಂಚೆ ಬಾಯಿ ಮುಕ್ಕಳಿಸುವಂತಿಲ್ಲ, ಬೇರೆ ಮಾತು ಆಡುವಂತಿಲ್ಲ, ನೀರು ಕುಡಿದರೆ ಕನಸು ಹೊಟ್ಟೆಗಿಳಿದು ಹೋಗುತ್ತದೆ. ಅಜ್ಜಿಗೆ ಬರೀ ಊರಿನ ಸತ್ತವರೇ ಕನಸಿನಲ್ಲಿ ಬರುತ್ತಿದ್ದರು. ಮಂಜ ಬೇಕಂತಲೇ ಹೇಲು ಉಚ್ಚೆಯ ಕನಸು ಹೇಳಿ ಬೈಸಿಕೊಳ್ಳುತ್ತಿದ್ದ. ಅಮ್ಮ ಮಾತ್ರ ತನಗೆ ಕನಸೇ ಬೀಳುವುದಿಲ್ಲ ಎಂದು ಒಲೆ ಹಚ್ಚಲು ಹೋಗುತ್ತಿದ್ದಳು.

ನಿಜಕ್ಕೂ ಕನಸು ಬೀಳದವಳು ನಾನು. ಇವತ್ತಿಗೂ ಬಿದ್ದಿಲ್ಲ, ತಲೆ ಇಟ್ಟರೆ ಕತ್ತಲು, ಎದ್ದರೆ ಬೆಳಕು. ಅಷ್ಟು ಹೇಳಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಹತ್ತು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅಪ್ಪ ನನ್ನ ಕಡೆ ತಿರುಗಿದಾಗ ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಆನೆ ಇತ್ತು.

“ಆನೆ ಬಂದಿತ್ತು,” ಅಂದೆ.

“ಸೊಂಡ್ಲು ಎತ್ಕೊಂಡಿತ್ತಾ, ಇಳಿಬಿಟ್ಟಿತ್ತಾ?”

ಕ್ಯಾಲೆಂಡರು ನೋಡಿ “ಎತ್ಕೊಂಡಿತ್ತು” ಎಂದೆ. ಎತ್ತಿದರೆ ಆರು, ಇಳಿಬಿಟ್ಟರೆ ಒಂಬತ್ತು, ಬರೆದು ನೋಡಿದರೆ ಹಾಗೇ ಕಾಣುತ್ತದಂತೆ. ಅವತ್ತು ಆರೇ ಬಿತ್ತು. ಸಂಜೆ ಅಪ್ಪ ಜಿಲೇಬಿ ಪೊಟ್ಟಣ ಹಿಡಿದು ಬಂದು, ಮಂಜನಿಗೂ ಮುಂಚೆ ನನ್ನ ಬಾಯಿಗಿಟ್ಟ. ಆ ಮನೆಯಲ್ಲಿ ಗಂಡು ಹುಡುಗನಿಗಿಂತ ಮುಂಚೆ ನನ್ನ ಬಾಯಿಗೆ ಏನಾದರೂ ಬಿದ್ದದ್ದು ಅದೇ ಮೊದಲು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಮಾರನೆಯ ದಿನ ನಾನು ಕೊಡದ ತುಂಬ ಮೀನು ಕಂಡೆ. ಅದು ಬೀಳಲಿಲ್ಲ. ಅದರ ಮರುದಿನ ಹುಣಸೆಮರದಲ್ಲಿ ಹಂದಿ ಕೂತಿದ್ದನ್ನು ಕಂಡೆ. ಅದೂ ಬೀಳಲಿಲ್ಲ. ಬೀಳದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಎರಡನೆಯ ಸಲ ಬಿದ್ದ ದಿನ ನನ್ನ ಹಾಸಿಗೆ ನೆಲದಿಂದ ಎದ್ದು ಅಪ್ಪನ ಮಂಚದ ಮೇಲೆ ಹೋಯಿತು, ಅಪ್ಪ ಕೆಳಗೆ ಬಂದ. ತಟ್ಟೆಗೆ ಪಲ್ಯ ಬಂತು. ಹತ್ತು ವರ್ಷದ ಹುಡುಗಿ ಇಷ್ಟಕ್ಕೆ ಸುಳ್ಳು ಹೇಳಲು ಕಲಿತಳು ಎಂದು ಯಾರಾದರೂ ನನ್ನನ್ನು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಪಲ್ಯಕ್ಕೆ ಸುಳ್ಳು ಹೇಳಬೇಕಾದ ಮನೆ ಕಟ್ಟಿದವರನ್ನು ಮೊದಲು ಬೈದು ಬರಲಿ.

ಆಮೇಲೆ ಅಜ್ಜಿಯ ತಲೆಗೆ ಇನ್ನೊಂದು ಹೊಳೆಯಿತು. ಬೆಳಗಿನ ಜಾವದ ಕನಸು ನಿಜವಾಗುತ್ತದೆ, ಆ ಹೊತ್ತಿನಲ್ಲಿ ಹುಡುಗಿಯನ್ನು ಎಬ್ಬಿಸಿದರೆ ಬರುವ ಲಕ್ಷ್ಮಿಯನ್ನು ಬಾಗಿಲಿಂದಲೇ ಅಟ್ಟಿದ ಹಾಗೆ. ಅವಳಾಗಿ ಏಳುವವರೆಗೆ ಯಾರೂ ಎಬ್ಬಿಸಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ. ನಿದ್ದೆ ಗಟ್ಟಿಯಾಗಲಿ ಎಂದು ಅಜ್ಜಿ ದಿನಾ ಗಸಗಸೆ ಪಾಯಸ ಮಾಡತೊಡಗಿದಳು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಪಾಯಸ. ಗಸಗಸೆ ಹುರಿದು, ಕಾಯಿ, ನೆನೆಸಿದ ಅಕ್ಕಿ ಹಾಕಿ ಒರಳಲ್ಲಿ ನುಣ್ಣಗೆ ರುಬ್ಬಿ, ಬೆಲ್ಲ ಏಲಕ್ಕಿ ಹಾಕಿ ಕುದಿಸುವುದು. ಸಂಜೆ ಊಟವಾದ ಮೇಲೆ ನನಗೊಬ್ಬಳಿಗೇ ದೊಡ್ಡ ಲೋಟ. ಮಂಜ ಬಾಯಿ ಬಿಟ್ಟು ನೋಡುತ್ತಿದ್ದ. ಮೊದಲ ವಾರ ನಾನು ರಾಣಿಯಾಗಿದ್ದೆ. ಎರಡನೆಯ ವಾರದಿಂದ ಬೆಳಿಗ್ಗೆ ತಲೆ ಕಲ್ಲಾಗಿರುತ್ತಿತ್ತು, ಕಣ್ಣು ಬಿಟ್ಟರೆ ಬಿಸಿಲು ಅಡುಗೆಮನೆಯ ಒರಳುಕಲ್ಲಿನ ಹತ್ತಿರ ಬಂದಿರುತ್ತಿತ್ತು. ಅಂದರೆ ಒಂಬತ್ತು ದಾಟಿದೆ. ಮಂಜನನ್ನು ಅಮ್ಮ ಆರಕ್ಕೇ ಕಿವಿ ಹಿಂಡಿ ಎಬ್ಬಿಸಿ, ಮಗ್ಗಿ ಹೇಳಿಸಿ, ತಲೆ ಬಾಚಿ ಶಾಲೆಗೆ ಕಳಿಸಿಯಾಗಿರುತ್ತಿತ್ತು. ನಾನಿನ್ನೂ ಬಾಯಿ ಮುಕ್ಕಳಿಸುವಂತಿಲ್ಲ. ಅಪ್ಪನಿಗೆ ಎರಡನೇ ಶಿಫ್ಟಿದ್ದರೆ ಅವನೇ ನೋಟ್‌ಬುಕ್ಕು ಹಿಡಿದು ಕೂತಿರುತ್ತಿದ್ದ. ಫಸ್ಟ್ ಶಿಫ್ಟಿಗೆ ಕತ್ತಲಲ್ಲೇ ಹೋಗಿದ್ದರೆ ಅಜ್ಜಿ ಕೇಳಿಕೊಂಡು ಸಂಜೆಯ ತನಕ ಕಾಪಾಡಿ ಒಪ್ಪಿಸುತ್ತಿದ್ದಳು. ಹಸುವಿನ ಬಣ್ಣ ಯಾವುದು, ಬಾವಿಯಲ್ಲಿ ನೀರಿತ್ತೋ ಇಲ್ಲವೋ, ಮದುವೆ ಹೆಣ್ಣು ಅಳುತ್ತಿದ್ದಳೋ ನಗುತ್ತಿದ್ದಳೋ. ನಾನು ಏನೋ ಒಂದು ಕಟ್ಟಿ ಹೇಳಿ ಶಾಲೆಗೆ ಓಡುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಮುಗಿದಿರುತ್ತಿತ್ತು.

ಮೊದಲ ಪೀರಿಯಡ್ಡು ಗಣಿತ. ಕಮಲಮ್ಮ ಟೀಚರು ತಡವಾಗಿ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಎರಡು ವರ್ಷದ ಗಣಿತವನ್ನು ಕಿಟಕಿಯ ಹೊರಗೆ ನಿಂತು ಕಲಿತೆ. ಒಳಗಿದ್ದವರು ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದರು, ನನಗೆ ಬೋರ್ಡಿನ ಅರ್ಧವೇ ಕಾಣುತ್ತಿತ್ತು, ಮಿಕ್ಕ ಅರ್ಧವನ್ನು ನಾನೇ ಲೆಕ್ಕ ಹಾಕಿ ಹೊಂದಿಸಿಕೊಳ್ಳಬೇಕಿತ್ತು. ಮನೆಯಲ್ಲಿ ಬಾಯಿಗೆ ಬಂದ ಅಂಕಿ ನಿಜವಾಗುತ್ತಿತ್ತು, ಇಲ್ಲಿ ಒಂದು ಅಂಕಿ ತಪ್ಪಿದರೂ ಉತ್ತರ ನಿಲ್ಲುತ್ತಿರಲಿಲ್ಲ. ಅದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಲೆಕ್ಕಕ್ಕೆ ನನ್ನಿಂದ ಸುಳ್ಳು ಬೇಕಿರಲಿಲ್ಲ. ಏಳನೆಯ ಕ್ಲಾಸಿಗೆ ಬಂದಾಗ ಒಂದು ದಿನ ಟೀಚರು ಕಿಟಕಿಯ ಬಳಿ ಬಂದು ನನ್ನ ನೋಟ್‌ಬುಕ್ಕು ತೆಗೆದುಕೊಂಡು ನೋಡಿದರು.

“ಈ ವರ್ಷ ಪಬ್ಲಿಕ್ ಪರೀಕ್ಷೆ. ಗಣಿತದಲ್ಲಿ ನೂರಕ್ಕೆ ನೂರು ತೆಗೀತೀಯ ನೀನು. ಯಾಕೆ ದಿನಾ ಲೇಟು? ಮನೇಲಿ ಕೆಲಸ ಜಾಸ್ತಿನಾ?”

“ಇಲ್ಲ ಟೀಚರ್. ನಿದ್ದೆ ಮಾಡ್ತೀನಿ,” ಅಂದೆ.

ಟೀಚರು ನನ್ನನ್ನು ಸೋಮಾರಿ ಎಂದುಕೊಂಡರು. ಆ ವಯಸ್ಸಿನಲ್ಲಿ ನಾನು ಹೇಗೆ ವಿವರಿಸಲಿ, ನಿದ್ದೆ ಮಾಡುವುದೇ ನನ್ನ ಮನೆಕೆಲಸವೆಂದು. ಬೇರೆ ಹುಡುಗಿಯರು ಪಾತ್ರೆ ತೊಳೆದು ಬರುತ್ತಿದ್ದರು, ನಾನು ಮಲಗಿ ಬರುತ್ತಿದ್ದೆ. ಪಾತ್ರೆ ತೊಳೆದ ಹುಡುಗಿಯರಿಗೆ ಅಯ್ಯೋ ಪಾಪ ಅನ್ನುವವರಿದ್ದರು. ಮಂಚದ ಮೇಲೆ ಮಲಗಿ ಪಾಯಸ ಕುಡಿಯುವವಳಿಗೆ ಯಾರು ಅನ್ನುತ್ತಾರೆ. ಅವತ್ತು ಸಂಜೆ ಧೈರ್ಯ ಮಾಡಿ ಅಪ್ಪನ ಮುಂದೆ ನಿಂತೆ.

“ಅಪ್ಪ, ನನಗೆ ಕನಸೇ ಬೀಳಲ್ಲ. ಎಲ್ಲಾ ಸುಳ್ಳು ಹೇಳಿದ್ದು. ನಾಳೆಯಿಂದ ಬೇಗ ಎಬ್ಬಿಸಿ.”

ಅಪ್ಪ ಬೈಯಲಿಲ್ಲ. ನಕ್ಕ.

“ಸುಳ್ಳು ಹೇಳಿದ್ರೂ ಆ ಮಾತು ನಿನ್ ಬಾಯಿಗೆ ಎಲ್ಲಿಂದ ಬಂತು ಹೇಳು? ನೀನು ಹೇಳ್ತಾ ಇಲ್ಲ ಕಣೇ, ಹೇಳಿಸ್ತಾ ಇದಾರೆ. ಬಿದ್ದಿದ್ದಂತೂ ಸುಳ್ಳಲ್ವಲ್ಲ.”

ಇಂಥ ಮನುಷ್ಯನ ಜೊತೆ ಯಾವ ಲೆಕ್ಕ ಮಾಡುತ್ತೀರಿ? ನಿಜ ಹೇಳಿದರೆ ಅದೂ ಅವನ ದೇವರ ಮಹಿಮೆಗೆ ಜಮಾ ಆಗುತ್ತಿತ್ತು. ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಎದ್ದು, ಬಿಸಿಲು ನೋಡಿ, ಮೈಯೆಲ್ಲ ಉರಿದು, ಅವನು ನೋಟ್‌ಬುಕ್ಕು ತೆಗೆಯುವ ಮುಂಚೆಯೇ ಹೇಳಿದೆ:

“ನೀವು ಸತ್ತೋದ ಹಾಗೆ ಬಿತ್ತು. ಚಟ್ಟ ಕಟ್ತಾ ಇದ್ರು.”

ಅಮ್ಮನ ಕೈಯಿಂದ ಸೌಟು ಬಿತ್ತು. ಅಜ್ಜಿ ರಾಮ ರಾಮ ಎಂದು ಕೆನ್ನೆ ಬಡಿದುಕೊಂಡಳು. ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೇ ಹೇಳಿದ್ದು. ಹೊಡೆದಿದ್ದರೆ ನಾನು ಮಗಳಾಗಿರುತ್ತಿದ್ದೆ. ಅವನು ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ಮಗುಚಿದ.

“ಸಾವು ಅಂದ್ರೆ ಒಳ್ಳೇದೇ ಕಣಮ್ಮ, ಅಳಬೇಡ. ಆಯಸ್ಸು ಜಾಸ್ತಿ ಆಗುತ್ತೆ. ಚಟ್ಟಕ್ಕೆ ಎಷ್ಟು ಬಿದಿರು ಕಟ್ಟಿದ್ರು? ಎಣಿಸಿದ್ಯಾ?”

ಎಣಿಸಿಲ್ಲವೆಂದು ಅತ್ತೆ. ಎಣಿಸಿದ್ದರೆ ಚೆನ್ನಾಗಿತ್ತು ಎಂದು ಬೇಸರಪಟ್ಟುಕೊಂಡು ಎರಡು ಎಂದು ಬರೆದುಕೊಂಡ. ತನ್ನ ಹೆಣದ ಬಿದಿರನ್ನು ಮಗಳ ಕೈಯಲ್ಲಿ ಎಣಿಸಹೊರಟವನ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಆ ಸಿಟ್ಟನ್ನು ಜೀವಮಾನವೆಲ್ಲ ಹೊತ್ತುಕೊಂಡೆ.

ಪಬ್ಲಿಕ್ ಪರೀಕ್ಷೆಯ ಸೆಂಟರು ರಾಜಾಜಿನಗರದ ಬೇರೆ ಶಾಲೆಯಲ್ಲಿ. ಹತ್ತು ಗಂಟೆಗೆ ಪರೀಕ್ಷೆ, ಅಲ್ಲಿಗೆ ಹೋಗಲು ಬಸ್ಸು ಹಿಡಿಯಬೇಕು, ಏಳಕ್ಕೆ ಎದ್ದರೆ ಸಾಕು. ಮೊದಲ ದಿನದ ಭಾಷಾ ಪತ್ರಿಕೆಗಳು ಹೇಗೋ ಆದವು, ಅಪ್ಪನೇ ಕರೆದುಕೊಂಡು ಹೋಗಿ ಬಿಟ್ಟಿದ್ದ. ಗಣಿತದ ದಿನ ಅವನಿಗೆ ಫಸ್ಟ್ ಶಿಫ್ಟು ಬಿತ್ತು. ಅಜ್ಜಿ ಊರಿನಲ್ಲಿ ಯಾರದೋ ತಿಥಿಗೆಂದು ಹಿಂದಿನ ದಿನವೇ ಹೋಗಿದ್ದಳು. ಹಿಂದಿನ ಸಂಜೆ ಅಮ್ಮನೇ ಗಸಗಸೆ ಅರೆದು ಪಾಯಸ ಮಾಡಿದಳು. ಬೇಡವೆಂದೆ. ಪರೀಕ್ಷೆಗೆ ಮುಂಚೆ ಚೆನ್ನಾಗಿ ನಿದ್ದೆ ಆಗಬೇಕು, ತಲೆ ನಿಲ್ಲುತ್ತದೆ ಎಂದು ಗದರಿಸಿ ಕುಡಿಸಿದಳು. “ಬೆಳಿಗ್ಗೆ ಎಬ್ಬಿಸ್ತೀಯಲ್ಲ” ಎಂದು ಕೇಳಿದ್ದು ನನಗೆ ನೆನಪಿದೆ. ಅವಳು ಹೂಂ ಅಂದದ್ದೂ ನೆನಪಿದೆ. ಪೆನ್ನಿಗೆ ಇಂಕು ತುಂಬಿಸಿ, ಜಾಮಿಟ್ರಿ ಬಾಕ್ಸನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಒರಳುಕಲ್ಲನ್ನು ದಾಟಿ ಗೋಡೆ ಹತ್ತಿತ್ತು. ಮಂಜ ಶಾಲೆಗೆ ಹೋಗಿಯಾಗಿತ್ತು. ಅಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ, ಕೈಯಲ್ಲಿ ಏನೂ ಕೆಲಸ ಇರಲಿಲ್ಲ. ಅಮ್ಮ ಕೈ ಖಾಲಿ ಬಿಟ್ಟು ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಚೀರಿಕೊಂಡು ಎದ್ದೆ.

“ಯಾಕಮ್ಮ ಎಬ್ಬಿಸ್ಲಿಲ್ಲ?”

“ನಿಮ್ಮಪ್ಪ ಎಬ್ಬಿಸಬೇಡ ಅಂದ್ರು. ನಾನೇನ್ ಮಾಡ್ಲಿ.”

ಹಾಕಿದ್ದ ಲಂಗದಲ್ಲೇ, ತಲೆ ಬಾಚದೆ, ಬಾಯಿ ತೊಳೆಯದೆ ಬಸ್‌ಸ್ಟಾಪಿಗೆ ಓಡಿದೆ. ಸೆಂಟರಿನ ಗೇಟು ಮುಚ್ಚಿ ಮುಕ್ಕಾಲು ಗಂಟೆಯಾಗಿತ್ತು. ಅಟೆಂಡರು ಒಳಗೆ ಹೋಗಿ ಕೇಳಿಕೊಂಡು ಬಂದು ತಲೆಯಾಡಿಸಿದ. ಅವನು ಒಳ್ಳೆಯವನು, ಕುಡಿಯಲು ನೀರು ಕೊಟ್ಟ. ಒಳಗೆ ನನ್ನ ಕ್ಲಾಸಿನ ಹುಡುಗಿಯರೆಲ್ಲ ಲೆಕ್ಕ ಮಾಡುತ್ತಿದ್ದರು. ನಾನು ಕಾಂಪೌಂಡಿಗೆ ಒರಗಿ ನಿಂತಿದ್ದೆ, ಮತ್ತೆ ಹೊರಗೆ. ಪರೀಕ್ಷೆ ಮುಗಿದ ಮೇಲೆ ಒಬ್ಬಳ ಕೈಯಿಂದ ಪ್ರಶ್ನೆಪತ್ರಿಕೆ ಈಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ನನಗೆ ಬಾರದ ಒಂದೇ ಒಂದು ಲೆಕ್ಕವೂ ಅದರಲ್ಲಿ ಇರಲಿಲ್ಲ.

ಸಂಜೆ ಕಮಲಮ್ಮ ಟೀಚರು ಮನೆಗೇ ಬಂದು, ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ ಅಪ್ಪನ ಕಡೆ ತಿರುಗಿದರು. ವಠಾರದ ಜನವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಎಂಥಾ ಅಪ್ಪ ರೀ ನೀವು? ನಿದ್ದೆ ಮಾಡ್ಲಿ ಅಂತ ಪರೀಕ್ಷೆ ದಿನ ಮಗು ಎಬ್ಬಿಸಬೇಡ ಅಂತೀರಾ? ಒಂದು ವರ್ಷ ಹೋಯ್ತಲ್ಲ ಹುಡುಗೀದು. ಯಾರ್ ಕೊಡ್ತಾರೆ ಅದನ್ನ ವಾಪಸ್ಸು?”

ಅಪ್ಪ ತಲೆ ಎತ್ತಿ ಒಂದು ಸಲ ಅಮ್ಮನ ಕಡೆ ನೋಡಿದ. ಅಮ್ಮ ಒಲೆಯ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ “ತಪ್ಪಾಯ್ತು ಮೇಡಂ” ಎಂದ. ನಾನು ನಡುಮನೆಯ ಮೂಲೆಯಲ್ಲಿ ನಿಂತು ಆ ಮಾತು ಕೇಳಿಸಿಕೊಂಡೆ. ತಪ್ಪು ಒಪ್ಪಿಕೊಂಡನಲ್ಲ, ಇನ್ನೇನು ಸಾಕ್ಷಿ ಬೇಕು. ಮುಂದಿನ ವರ್ಷ ನಾನು ಮಂಜನ ಕ್ಲಾಸಿನಲ್ಲಿ, ಮಂಜನ ಸ್ನೇಹಿತರ ನಡುವೆ ಕೂತು ಬಂದ ಪಾಠವನ್ನೇ ಮತ್ತೆ ಕೇಳಿದೆ. ಅವರು ನನ್ನನ್ನು ಕುಂಭಕರ್ಣಿ ಎಂದು ಕರೆದರು. ಅಪ್ಪ ಅವತ್ತಿನಿಂದ ನನ್ನನ್ನು ಕನಸು ಕೇಳಲಿಲ್ಲ. ನಾನು ಮಂಚ ಬಿಟ್ಟು ಕೆಳಗೆ ಮಲಗತೊಡಗಿದೆ, ಅವನೂ ಮತ್ತೆ ಮಂಚ ಹತ್ತಲಿಲ್ಲ, ಬಹಳ ದಿನ ಅದು ಖಾಲಿಯೇ ಇತ್ತು. ಆಟವನ್ನೇನೂ ಬಿಡಲಿಲ್ಲ, ಅವನ ಅಂಕಿ ಅವನು ಹುಡುಕಿಕೊಂಡ. ನಾನು ಅವನನ್ನು ಅಪ್ಪ ಎಂದು ಕರೆಯುವುದು ಬಿಟ್ಟೆ. ಒಂದೇ ಮನೆಯಲ್ಲಿ ಊಟಕ್ಕೆ ಏಳಿ, ಬಾಗಿಲು ಹಾಕಿಕೊಳ್ಳಿ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಕಾಲೇಜು ಓದಿದೆ, ಕೆಲಸಕ್ಕೆ ಸೇರಿದೆ, ಬಸವೇಶ್ವರನಗರದಲ್ಲಿ ಮನೆ ಮಾಡಿದೆ. ಅವನು ಆಸ್ಪತ್ರೆಯಲ್ಲಿದ್ದಾಗ ನನ್ನ ಜೊತೆ ಮಾತನಾಡಬೇಕೆಂದು ಮಂಜನ ಕೈಲಿ ಎರಡು ಸಲ ಹೇಳಿ ಕಳಿಸಿದ. ಉತ್ತರಪತ್ರಿಕೆ ತಿದ್ದುವುದಿದೆ ಎಂದೆ. ಮೂರನೆಯ ಸಲ ಮಂಜ ಬಂದದ್ದು ಸತ್ತ ಸುದ್ದಿ ಹೇಳಲು. ನಾನು ಹೋಗಿ, ಮಾಡಬೇಕಾದ್ದನ್ನು ಮಾಡಿ, ಅಮ್ಮನನ್ನು ನನ್ನ ಜೊತೆ ಕರೆದುಕೊಂಡು ಬಂದೆ. ಪಾಪ, ಅವಳೇನು ಮಾಡಿಯಾಳು, ಗಂಡ ಹೇಳಿದ್ದನ್ನು ಕೇಳಿದ ಹೆಂಗಸು ಎಂದು ಇಷ್ಟು ವರ್ಷ ಬಿಸಿನೀರು ಕಾಯಿಸಿ ಕೊಟ್ಟೆ, ಕಾಲೊತ್ತಿದೆ.

ಸೀಮಂತದ ಮಾರನೆಯ ದಿನ ಮಧ್ಯಾಹ್ನ ನಾವಿಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು.

“ನಿನ್ನೆ ನೀನು ಅನೂನ ಹಂಗೆ ಅನ್ನಬಾರ್ದಿತ್ತು,” ಎಂದಳು ಅಮ್ಮ. “ಬಸುರಿ ಹುಡ್ಗಿ. ಬರೀ ಆಟ ಅದು.”

“ಆ ಆಟ ಕಂಡ್ರೆ ನಂಗಾಗಲ್ಲ. ಯಾಕೆ ಅಂತ ನಿಂಗೊತ್ತು. ಅವತ್ತು ಎಬ್ಬಿಸಬೇಡ ಅಂತ ಹೇಳಿ ಹೋದ್ನಲ್ಲ ಆ ಮನುಷ್ಯ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ.”

ಅಮ್ಮ ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು.

“ಅವರು ಎಬ್ಬಿಸು ಅಂತಾನೇ ಹೇಳಿ ಹೋಗಿದ್ರು,” ಎಂದಳು. “ಪರೀಕ್ಷೆ ಐತೆ, ಆರೂವರೆಗೇ ಎಬ್ಬಿಸು, ಇವತ್ತು ಕನಸೂ ಬೇಡ ಏನೂ ಬೇಡ ಅಂದ್ರು.”

ನಾನು ಬಿಡಿಸಿದ ಕಾಳು ಮೊರದ ಬದಲು ಸಿಪ್ಪೆಯ ರಾಶಿಗೆ ಬಿತ್ತು.

“ಮತ್ತೆ?”

“ನಾನೂ ಮಟ್ಕಾ ಬರೆಸ್ತಾ ಇದ್ದೆ ಕಣೇ. ಹೂವಿನವಳ ಹತ್ರ. ಹೆಂಗಸ್ರಿಗೆಲ್ಲ ಅವಳೇ ಬರ್ಕೊಳೋಳು. ನಿನ್ ಕನಸು ಒಂದಿನಾನೂ ನಂಗೆ ಸಿಗ್ತಿರ್ಲಿಲ್ಲ. ನಿಮ್ಮಪ್ಪ ಇಲ್ದಿದ್ರೆ ನಿಮ್ಮಜ್ಜಿ. ಅವತ್ತು ಇಬ್ರೂ ಇರ್ಲಿಲ್ಲ. ಕನಸು ನಂಗೊಬ್ಳಿಗೇ ಸಿಗ್ತಿತ್ತು. ಇನ್ನೊಂಚೂರು ಮಲಗ್ಲಿ, ಇನ್ನೊಂಚೂರು ಮಲಗ್ಲಿ ಅಂತ ಕೂತಿದ್ದೆ. ಹೊತ್ತು ಹೋಗಿದ್ದು ಗೊತ್ತಾಗ್ಲಿಲ್ಲ.”

“ಟೀಚರ್ ಮುಂದೆ ಅಪ್ಪ ಯಾಕೆ ಬಾಯಿ ಬಿಡ್ಲಿಲ್ಲ?”

“ವಠಾರವೆಲ್ಲ ನಿಂತಿತ್ತಲ್ಲ. ಗಂಡಸು ಆಡಿದ್ರೆ ಆಡ್ದ ಅಂತಾರೆ. ಹೆಂಡ್ತಿನೂ ಆಡ್ತಾಳೆ ಅಂತ ಗೊತ್ತಾದ್ರೆ? ನನ್ ಮಾನ ಕಾಪಾಡಿದ್ರು. ಆಸ್ಪತ್ರೇಲಿ ನಿಂಗೆ ಹೇಳ್ಬಿಡ್ತೀನಿ ಅಂತಿದ್ರು. ನೀನು ಬರ್ಲಿಲ್ಲ.”

ಅಷ್ಟು ಸಲೀಸಾಗಿ ಹೇಳಿದಳು. ಅಪ್ಪ ಎಂದು ನನ್ನ ಬಾಯಲ್ಲಿ ಆಗ ಬಂದದ್ದು ಎಷ್ಟು ವರ್ಷದ ಮೇಲೆ ಎಂದು ಅವಳು ಗಮನಿಸಲಿಲ್ಲ. ಕೂಗಾಡಬೇಕೆನಿಸಿತು, ಮೊರ ಎತ್ತಿ ಎಸೆಯಬೇಕೆನಿಸಿತು. ನಾನು ಸಿಟ್ಟು ಮಾಡಬೇಕಾದವರ ಮೇಲೆ ಮಾಡದೆ, ಇದ್ದ ಸಿಟ್ಟನ್ನೆಲ್ಲ ಒಬ್ಬನ ಮೇಲೇ ಸುರಿದು ಕಳಿಸಿಬಿಟ್ಟಿದ್ದೆ. ಅವನು ಒಳ್ಳೆಯವನಲ್ಲ, ಈಗಲೂ ಹಾಗನ್ನುವುದಿಲ್ಲ. ಆದರೆ ಆ ಒಂದು ದಿನ ಅವನದಲ್ಲ.

“ಏನಕ್ಕೆ ಬೇಕಿತ್ತು ನಿಂಗೆ?” ಎಂದೆ. “ಯಾವ್ದಕ್ಕೆ ಅಂತ ಅಷ್ಟು ಅರ್ಜೆಂಟಿತ್ತು?”

“ಯಾವ್ದಕ್ಕೂ ಇಲ್ಲ. ಒಂದು ಸಲ ನಂದೂ ಬೀಳ್ಲಿ ಅಂತ.”

“ಬಿತ್ತಾ?”

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಪಶ್ಚಾತ್ತಾಪ ಹುಡುಕಿದೆ. ಇದ್ದದ್ದು ಹಳೆಯ ಅಸಮಾಧಾನ, ಇಷ್ಟು ವರ್ಷ ಯಾರ ಮುಂದೆಯೂ ಹೇಳಿಕೊಳ್ಳದೆ ಇಟ್ಟುಕೊಂಡದ್ದು.

“ಎಲ್ಲಿ ಬೀಳುತ್ತೆ,” ಎಂದಳು. “ಎದ್ದವಳೇ ಅಳ್ಕೊಂಡು ಓಡೋದೆ. ಕನಸು ಹೇಳಿ ಹೋದ್ಯಾ ನೀನು?”